1480ರ ಫ್ಲಾರೆನ್ಸ್‌ನಲ್ಲಿ ರೋಲ್‌ಪ್ಲೇಯಿಂಗ್ ಕ್ಯಾಂಪೇನ್: ದುಡ್ಡು, ರಾತ್ರಿ, ಊಟ, ಕಾವಲು ಹೇಗಿತ್ತು?

ದಾಳದಯ್ಯ

ಡ್ರ್ಯಾಗನ್, ಮಾಟಮಂತ್ರ ಯಾವುದೂ ಇಲ್ಲದ ಐತಿಹಾಸಿಕ ಕ್ಯಾಂಪೇನ್ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಂತುಕಂತಾಗಿ ಆಡುವ ಕಥೆ) ಒಂದನ್ನು ಕಟ್ಟುತ್ತಿದ್ದೇನೆ. ಜಾಗ ಫ್ಲಾರೆನ್ಸ್, ಕಾಲ 1479ರ ನವೆಂಬರ್‌ನಿಂದ 1480ರ ಬೇಸಿಗೆವರೆಗೆ. 1478ರ ಏಪ್ರಿಲ್ 26ರಂದು ಪಾತ್ಸಿ ಮನೆತನದ ಕಡೆಯವರು ದೊಡ್ಡ ಚರ್ಚಿನೊಳಗೇ, ಊರನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದ ಮೆದಿಚಿ ಮನೆತನದ ಅಣ್ಣತಮ್ಮಂದಿರ ಮೇಲೆ ಬಿದ್ದು ಜುಲಿಯಾನೋನನ್ನು ಕೊಂದಾಗಿದೆ, ಲೊರೆನ್ಸೋ ಉಳಿದುಕೊಂಡಿದ್ದಾನೆ. ಪೋಪ್ ಮತ್ತು ನೇಪಲ್ಸ್ ರಾಜ ಇಬ್ಬರ ಜೊತೆಗೂ ಯುದ್ಧ. ಡಿಸೆಂಬರ್‌ನಲ್ಲಿ ಲೊರೆನ್ಸೋ ತಾನೇ ನೇಪಲ್ಸ್‌ಗೆ ಹೋಗಿ ಮಾರ್ಚ್‌ನಲ್ಲಿ ವಾಪಸ್ ಬರುತ್ತಾನೆ. ರಾಜಕೀಯದ ಈ ಚೌಕಟ್ಟು ಕೈಯಲ್ಲಿದೆ, ಬೇಕಿರುವುದು ದಿನದ ಬದುಕು.

ಪಾತ್ರಗಳು ನಾಲ್ಕು: ಕೆಲಸ ಕಳಕೊಂಡ ಕೂಲಿ ಸೈನಿಕ, ನೋಟರಿ ಹತ್ತಿರ ಇರುವ ಗುಮಾಸ್ತ, ಒಬ್ಬ ಕಳ್ಳ, ಮತ್ತು ಒಂದು ಹೆಣ್ಣು ಪಾತ್ರ (ಏನು ಕಸುಬು ಅಂತ ಇನ್ನೂ ತೀರ್ಮಾನವಾಗಿಲ್ಲ). ರೂಲ್‌ಬುಕ್‌ನಲ್ಲಿ ಎಲ್ಲಕ್ಕೂ ಚಿನ್ನದ ನಾಣ್ಯದ ಲೆಕ್ಕ. ಹೋಟೆಲ್ ಕೋಣೆಗೂ ಚಿನ್ನ, ಕತ್ತಿಗೂ ಚಿನ್ನ. ಅದನ್ನು ಹಾಗೇ ಇಟ್ಟುಕೊಂಡರೆ ಊರು ಸುಳ್ಳು ಅನಿಸುತ್ತದೆ. ನಿಜವಾದ ಲೆಕ್ಕ ಹೇಗಿತ್ತು? ರಾತ್ರಿ ಊರೊಳಗೆ ಓಡಾಡಿದರೆ ಯಾರು ಹಿಡಿಯುತ್ತಾರೆ? ಏನು ತಿನ್ನುತ್ತಾರೆ? ಕವಚ ಹಾಕಿಕೊಂಡು ಬೀದಿಯಲ್ಲಿ ನಡೆಯಬಹುದಾ? ಟೇಬಲ್ ಮೇಲೆ ಬಳಸುವಂಥ ಉತ್ತರ ಬೇಕು, ಕಲಾ ಇತಿಹಾಸದ ಪಾಠ ಬೇಡ.

ತಕ್ಕಡಿ

ದುಡ್ಡಿನಿಂದ ಶುರು ಮಾಡಿ, ಉಳಿದದ್ದರಲ್ಲಿ ಅರ್ಧ ತಾನಾಗಿ ಸರಿಹೋಗುತ್ತದೆ.

ಆ ಊರಲ್ಲಿ ಒಂದಲ್ಲ, ಎರಡು ದುಡ್ಡು. ಒಂದು ಚಿನ್ನದ ಫ್ಲೋರಿನ್: 1252ರಿಂದ ಅಚ್ಚಾಗುತ್ತಿದ್ದದ್ದು, ಸುಮಾರು ಮೂರೂವರೆ ಗ್ರಾಂ, ಒಂದು ಮುಖಕ್ಕೆ ಲಿಲ್ಲಿ ಹೂ, ಇನ್ನೊಂದಕ್ಕೆ ಸಂತ ಜಾನ್. ಇನ್ನೊಂದು ಬೆಳ್ಳಿ-ತಾಮ್ರ ಬೆರೆಸಿದ ಚಿಲ್ಲರೆ. ಚಿಲ್ಲರೆಯ ಲೆಕ್ಕ ಹೀಗೆ: 12 ದಿನಾರಿಗೆ 1 ಸೋಲ್ದೋ, 20 ಸೋಲ್ದಿಗೆ 1 ಲೀರಾ. ಕೈಯಲ್ಲಿ ಓಡಾಡುತ್ತಿದ್ದ ಮುಖ್ಯ ಚಿಲ್ಲರೆ ಕ್ವಾತ್ರೀನೋ, ಅದಕ್ಕೆ 4 ದಿನಾರಿ ಬೆಲೆ. ಮೂರು ಕ್ವಾತ್ರೀನಿ ಸೇರಿದರೆ ಒಂದು ಸೋಲ್ದೋ. ಲೀರಾ ಅನ್ನುವ ನಾಣ್ಯ ಆಗ ಫ್ಲಾರೆನ್ಸ್‌ನಲ್ಲಿ ಇರಲೇ ಇಲ್ಲ, ಲೆಕ್ಕದ ಪುಸ್ತಕದಲ್ಲಿ ಮಾತ್ರ. ಆದ್ದರಿಂದ ಯಾವ ಪ್ಲೇಯರ್ ಆದರೂ “ಮೇಜಿನ ಮೇಲೆ ಒಂದು ಲೀರಾ ಎಸೆಯುತ್ತೇನೆ” ಅಂದರೆ ತಿದ್ದಿ.

ಈ ಎರಡರ ನಡುವಿನ ದರ ಸ್ಥಿರವಲ್ಲ. 1252ರಲ್ಲಿ ಒಂದು ಫ್ಲೋರಿನ್‌ಗೆ ಒಂದು ಲೀರಾ ಇದ್ದದ್ದು 1500ರ ಹೊತ್ತಿಗೆ ಸುಮಾರು 7 ಲೀರಾಕ್ಕೆ ಬಂತು. ಚಿನ್ನ ಹಾಗೇ ಉಳಿಯಿತು, ಚಿಲ್ಲರೆಯಲ್ಲಿ ಬೆಳ್ಳಿ ಕಡಿಮೆಯಾಗುತ್ತಾ ಹೋಯಿತು. ನಿಮ್ಮ ಆಟಕ್ಕೆ 6 ಲೀರಾ ಅಂತ ಇಟ್ಟುಕೊಳ್ಳಿ, ಲೆಕ್ಕ ಸುಲಭ. ವ್ಯಾಪಾರಿಗಳ ಗಳಿಕೆ ಚಿನ್ನದಲ್ಲಿ, ಕೂಲಿಯವರ ಸಂಬಳ ಚಿಲ್ಲರೆಯಲ್ಲಿ. ದರ ಜಾರಿದಷ್ಟೂ ನಷ್ಟ ಯಾರಿಗೆ ಅಂತ ಹೇಳಬೇಕಾಗಿಲ್ಲ.

ಈಗ ಕೂಲಿ. ಕಟ್ಟಡದ ಕೆಲಸದಲ್ಲಿ ಮಣ್ಣು ಹೊರುವವನಿಗೆ ದಿನಕ್ಕೆ ಸುಮಾರು 10 ಸೋಲ್ದಿ, ಕಲ್ಲಿನ ಕೆಲಸದ ಮೇಸ್ತ್ರಿಗೆ 15ರಿಂದ 20. ಹಬ್ಬ ಮತ್ತು ಭಾನುವಾರ ಕಳೆದರೆ ವರ್ಷಕ್ಕೆ ಕೆಲಸದ ದಿನ 260ರ ಆಸುಪಾಸು, ಅದೂ ಕೆಲಸ ಸಿಕ್ಕರೆ. ಅಂದರೆ ಕೂಲಿಯವನ ವರ್ಷದ ದುಡಿಮೆ 2600 ಸೋಲ್ದಿ, 130 ಲೀರಾ, 21–22 ಫ್ಲೋರಿನ್. ಒಂದು ಫ್ಲೋರಿನ್ ಅಂದರೆ ಅವನ ಹನ್ನೆರಡು ದಿನದ ಬೆವರು. ನಿಮ್ಮ ರೂಲ್‌ಬುಕ್‌ನ 500 ಚಿನ್ನದ ನಿಧಿ ಅಂದರೆ ಇಪ್ಪತ್ತಮೂರು ವರ್ಷದ ಸಂಬಳ. ತೂಕ ಮಾತ್ರ ಎರಡು ಕಿಲೋ ಕೂಡ ಇಲ್ಲ. ಅದನ್ನೇ ಕ್ವಾತ್ರೀನಿಯಲ್ಲಿ ಕೊಟ್ಟರೆ 1,80,000 ನಾಣ್ಯ, ನೂರು ಕಿಲೋ ದಾಟುತ್ತದೆ. ಕಳ್ಳನಿಗೆ ಯಾವ ಪೆಟ್ಟಿಗೆ ಎತ್ತಬೇಕು ಅನ್ನುವ ಪ್ರಶ್ನೆ ಇಲ್ಲೇ ಹುಟ್ಟುತ್ತದೆ.

ಖರ್ಚಿನ ಕಡೆಗೆ ಬನ್ನಿ. ಗೋಧಿಯ ಅಳತೆ ಸ್ತಾಯೋ, ಸುಮಾರು 24 ಲೀಟರ್, ಹದಿನೆಂಟು ಕಿಲೋ ಅಂದುಕೊಳ್ಳಿ. ಒಬ್ಬ ದೊಡ್ಡವನಿಗೆ ತಿಂಗಳಿಗೆ ಒಂದು ಸ್ತಾಯೋ ಬೇಕು. ಸಾಧಾರಣ ವರ್ಷದಲ್ಲಿ ಬೆಲೆ 15–20 ಸೋಲ್ದಿ. ನಾಲ್ಕು ಜನದ ಮನೆಗೆ ವರ್ಷಕ್ಕೆ 48 ಸ್ತಾಯೋ, ಹದಿನೆಂಟರಂತೆ 43 ಲೀರಾ ಚಿಲ್ಲರೆ. ಕೂಲಿಯವನ ದುಡಿಮೆಯಲ್ಲಿ ಮೂರನೇ ಒಂದು ಭಾಗ ಬರೀ ರೊಟ್ಟಿಗೆ ಹೋಯಿತು. ಬೆಳೆ ಕೈಕೊಟ್ಟು ಬೆಲೆ ಎರಡರಷ್ಟಾದರೆ ಮೂರರಲ್ಲಿ ಎರಡು ಭಾಗ. ಯುದ್ಧದ ಆ ಚಳಿಗಾಲದಲ್ಲಿ ವಾರಕ್ಕೊಮ್ಮೆ ಗೋಧಿ ಬೆಲೆಗೆ ಒಂದು ಡೈಸ್ ಉರುಳಿಸಿ, ಬೀದಿಯ ಮೂಡು ಅದರ ಮೇಲೆ ನಿಲ್ಲಲಿ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಹರಕು ಅಂಗಿಯವನು ಫ್ಲೋರಿನ್ ಹಿಡಿದು ರೊಟ್ಟಿ ಅಂಗಡಿಗೆ ಹೋದರೆ ಚಿಲ್ಲರೆ ಸಿಗುವುದಿಲ್ಲ, ಅನುಮಾನ ಸಿಗುತ್ತದೆ. ಅವನು ಮೆರ್ಕಾತೋ ನುವೋವೋ (ಹೊಸ ಮಾರುಕಟ್ಟೆ) ಕಡೆ ಹಣ ವಿನಿಮಯದವರ ಮೇಜಿಗೆ ಹೋಗಬೇಕು. ಅಲ್ಲಿ ನಾಣ್ಯವನ್ನು ಸಣ್ಣ ತಕ್ಕಡಿಯಲ್ಲಿ ತೂಗುತ್ತಾರೆ. ಅಂಚು ಕೆರೆದಿದ್ದರೆ ಬೆಲೆ ಇಳಿಯಿತು. ದೊಡ್ಡ ಮೊತ್ತ ಎಲ್ಲ ನಾಣ್ಯದಲ್ಲಿ ಓಡುವುದೇ ಇಲ್ಲ, ಬ್ಯಾಂಕಿನ ಪುಸ್ತಕದಲ್ಲಿ ಒಬ್ಬನ ಹೆಸರಿಂದ ಇನ್ನೊಬ್ಬನ ಹೆಸರಿಗೆ ಬರೆದುಕೊಂಡರೆ ಮುಗಿಯಿತು. ಸಣ್ಣ ಅಂಗಡಿಯಲ್ಲೂ ಸಾಲದ ಪುಸ್ತಕವೇ ನಡೆಯುತ್ತದೆ. ಪರಿಚಯ ಇಲ್ಲದವನಿಗೆ ಮಾತ್ರ ರೊಕ್ಕ.

ಓಣಿಕಾವಲು

ರಾತ್ರಿ ಮತ್ತು ಪೊಲೀಸ್ ವಿಷಯ ನನ್ನದು. ಮೊದಲು ಗಂಟೆ ಹೇಗೆ ಎಣಿಸುತ್ತಾರೆ ಅಂತ ತಿಳಿದುಕೊಳ್ಳಿ, ಇಲ್ಲದಿದ್ದರೆ “ರಾತ್ರಿ ಹತ್ತಕ್ಕೆ ಸೇತುವೆ ಹತ್ತಿರ ಬಾ” ಅಂತ ಎನ್‌ಪಿಸಿ (ಆಟ ನಡೆಸುವವರೇ ಆಡಿಸುವ ಪಾತ್ರ) ಬಾಯಲ್ಲಿ ಹೇಳಿಸಿಬಿಡುತ್ತೀರಿ.

ನಮ್ಮ ಪಂಚಾಂಗ ಸೂರ್ಯೋದಯದಿಂದ ಘಳಿಗೆ ಎಣಿಸಿದ ಹಾಗೆ ಅವರು ಸೂರ್ಯಾಸ್ತದಿಂದ ಗಂಟೆ ಎಣಿಸುತ್ತಿದ್ದರು, ಒಂದರಿಂದ ಇಪ್ಪತ್ನಾಲ್ಕರವರೆಗೆ. ಸಂಜೆ ಕತ್ತಲಾಗುವಾಗ 24 ಮುಗಿದು ಹೊಸ ದಿನ ಶುರು. ಹಾಗಾಗಿ ನಡುಹಗಲಿಗೂ ಒಂದೇ ಸಂಖ್ಯೆ ಇಲ್ಲ: ಚಳಿಗಾಲದಲ್ಲಿ ಹತ್ತೊಂಬತ್ತರ ಹೊತ್ತಿಗೆ, ಬೇಸಿಗೆಯಲ್ಲಿ ಹದಿನಾರರ ಹೊತ್ತಿಗೆ ಬರುತ್ತದೆ. ದೊಡ್ಡ ಚರ್ಚಿನ ಒಳಗೋಡೆಯಲ್ಲಿ 1443ರಲ್ಲಿ ಪಾವೊಲೋ ಉಚ್ಚೆಲ್ಲೋ ಬಣ್ಣ ಹಾಕಿದ ಗಡಿಯಾರ ಇನ್ನೂ ಇದೆ. ಇಪ್ಪತ್ನಾಲ್ಕು ಗಂಟೆಯ ಮುಖ, ಮುಳ್ಳು ಒಂದೇ, ಅದೂ ಎಡಕ್ಕೆ ತಿರುಗುತ್ತದೆ. ಈ ಲೆಕ್ಕದ ಉಪಯೋಗ ಏನೆಂದರೆ, ಗಂಟೆ ಕೇಳಿದ ತಕ್ಷಣ ಬೆಳಕು ಎಷ್ಟು ಹೊತ್ತು ಉಳಿದಿದೆ ಅಂತ ಗೊತ್ತಾಗುತ್ತದೆ. “ಇಪ್ಪತ್ತೆರಡು ಹೊಡೆಯಿತು” ಅಂದರೆ ಎರಡೇ ಗಂಟೆಯಲ್ಲಿ ಕತ್ತಲೆ. ಪ್ಲೇಯರ್‌ಗಳಿಗೆ ಇದನ್ನು ಮೊದಲ ಸೆಷನ್‌ನಲ್ಲೇ ಹೇಳಿಕೊಡಿ.

ಕತ್ತಲಾದರೆ ಕೋಟೆ ಬಾಗಿಲು ಹಾಕುತ್ತಾರೆ. ಹಗಲಲ್ಲೂ ಬಾಗಿಲಲ್ಲಿ ಸುಂಕದವರು ಕೂತಿರುತ್ತಾರೆ. ಒಳಗೆ ಬರುವ ದ್ರಾಕ್ಷಾರಸ, ಎಣ್ಣೆ, ದನಕರು ಎಲ್ಲಕ್ಕೂ ಸುಂಕ. ಗಾಡಿ ತಪಾಸಣೆ ಆಗಿಯೇ ಆಗುತ್ತದೆ. ಸಂಜೆ ಗಂಟೆ ಬಾರಿಸಿದ ಮೇಲೆ ದೀಪ ಇಲ್ಲದೆ ಬೀದಿಗೆ ಇಳಿದರೆ ಅದೇ ಒಂದು ಅಪರಾಧ. ಆಯುಧಕ್ಕೆ ಪರವಾನಗಿ ಬೇಕು. ನಿಮ್ಮ ಸೈನಿಕ ಎದೆಕವಚ ತೊಟ್ಟು ಮಾರುಕಟ್ಟೆಗೆ ಬಂದರೆ ಜನ ದಾರಿ ಬಿಡುತ್ತಾರೆ, ಕಾವಲಿನವರು ದಾರಿ ಕಟ್ಟುತ್ತಾರೆ. ಪಾತ್ಸಿ ಗಲಾಟೆ ಆಗಿ ಎರಡು ವರ್ಷವೂ ಆಗಿಲ್ಲ ಅನ್ನುವುದು ನೆನಪಿರಲಿ. ಹಾಗೆಯೇ ಜುಲಿಯಾನೋನನ್ನು ಇರಿದ ಬೆರ್ನಾರ್ದೋ ಬಂದೀನಿಯನ್ನು ಕಾನ್‌ಸ್ಟಾಂಟಿನೋಪಲ್‌ನಿಂದ ಹಿಡಿದು ತರಿಸಿ ನೇಣು ಹಾಕಿದ್ದು 1479ರ ಡಿಸೆಂಬರ್ ಕೊನೆಯಲ್ಲಿ, ಸರಿಯಾಗಿ ನಿಮ್ಮ ಕ್ಯಾಂಪೇನ್ ನಡುವೆ. ತೂಗುತ್ತಿದ್ದ ಆ ಹೆಣವನ್ನು ಲಿಯೊನಾರ್ದೋ ನೋಡಿ ಚಿತ್ರ ಬರೆದ, ತೊಟ್ಟ ಬಟ್ಟೆಯ ಬಣ್ಣವನ್ನೂ ಪಕ್ಕದಲ್ಲಿ ಗುರುತು ಹಾಕಿಕೊಂಡ.

ಹಿಡಿಯುವವರು ಯಾರು? ಪೊದೆಸ್ತಾ ಅನ್ನುವ ನ್ಯಾಯಾಧಿಕಾರಿ ಹೊರ ಊರಿನವನೇ ಆಗಿರಬೇಕು, ಅದು ಕಾನೂನು. ಅವನು ತನ್ನ ನ್ಯಾಯಾಧೀಶರು, ನೋಟರಿಗಳು, ಪೇದೆಗಳನ್ನು ಜೊತೆಗೇ ಕರಕೊಂಡು ಬಂದು ಅವಧಿ ಮುಗಿದ ಮೇಲೆ ಹೋಗುತ್ತಾನೆ. ಊರಿನ ಬಣಗಳಿಗೆ ಸೇರದವನು ಅನ್ನುವುದೇ ಅವನ ಅರ್ಹತೆ. ಆಟಕ್ಕೆ ಇದರ ಅರ್ಥ ಏನೆಂದರೆ ಪೇದೆಗೆ ಊರಿನ ಮುಖಗಳು ಗೊತ್ತಿಲ್ಲ, ಗಲ್ಲಿಗಳೂ ಅಷ್ಟಕ್ಕಷ್ಟೆ. ಅವನನ್ನು ಓಡಿ ತಪ್ಪಿಸಿಕೊಳ್ಳಬಹುದು. ತಪ್ಪಿಸಿಕೊಳ್ಳಲಾಗದ್ದು ನೆರೆಮನೆಯವರನ್ನು. ಚರ್ಚುಗಳಲ್ಲಿ ದೂರಿನ ಪೆಟ್ಟಿಗೆ ಇಟ್ಟಿರುತ್ತಾರೆ, ಹೆಸರು ಬರೆಯದೆ ಚೀಟಿ ಹಾಕಬಹುದು. 1476ರಲ್ಲಿ ಲಿಯೊನಾರ್ದೋ ಮೇಲೆ ಬಂದದ್ದೂ ಹೀಗೇ ಹೆಸರಿಲ್ಲದ ದೂರು, ಸಾಕ್ಷಿ ಇಲ್ಲದೆ ಬಿದ್ದುಹೋಯಿತು. ರಾಜಕೀಯದ ವಾಸನೆ ಬಂದರೆ ಕೇಸು ಒತ್ತೋ ದಿ ಗ್ವಾರ್ದಿಯಾ ಅನ್ನುವ ಎಂಟು ಜನರ ಮಂಡಳಿಗೆ ಹೋಗುತ್ತದೆ. ಅವರು ಊರಿನವರು, ಅವರಿಗೆ ಎಲ್ಲರ ಮುಖವೂ ಗೊತ್ತು.

ಸಿಕ್ಕಿಬಿದ್ದರೆ ವಿಚಾರಣೆ ಅಂದರೆ ಹಗ್ಗ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ರಾಟೆಯ ಮೇಲೆ ಎಳೆದು, ಥಟ್ಟನೆ ಸಡಿಲ ಬಿಡುತ್ತಾರೆ. ಭುಜ ಕೀಲು ತಪ್ಪುತ್ತದೆ. ಹೀಗೆ ಬಾಯಿಬಿಡಿಸಿದ ತಪ್ಪೊಪ್ಪಿಗೆಯನ್ನು ಆಮೇಲೆ ಹಗ್ಗದಿಂದ ದೂರ ಇನ್ನೊಮ್ಮೆ ಒಪ್ಪಿಕೊಳ್ಳಬೇಕು, ಆಗಲೇ ಅದು ಕಾಗದಕ್ಕೆ ಏರುವುದು. ನಿಮ್ಮ ಗುಮಾಸ್ತನಿಗೆ ಕೆಲಸ ಇರುವುದು ಆ ನಡುವಿನ ಹೊತ್ತಿನಲ್ಲಿ. ಜೈಲು ಸ್ತಿಂಕೆ, ಹೆಚ್ಚಾಗಿ ಸಾಲಗಾರರದ್ದು. ಒಳಗಿರುವ ಖರ್ಚು ಕೈದಿಯ ತಲೆ ಮೇಲೆ. ಉಳಿದ ಬಹುಪಾಲು ಶಿಕ್ಷೆ ದಂಡ, ಇಲ್ಲವೇ ಊರಿಂದ ಗಡಿಪಾರು.

ಒಗ್ಗರಣೆ

ಊಟಕ್ಕೆ ಬರೋಣ. ಮೊದಲು ಇಲ್ಲದ್ದು: ಟೊಮೇಟೊ ಇಲ್ಲ, ಆಲೂಗಡ್ಡೆ ಇಲ್ಲ, ಮೆಕ್ಕೆಜೋಳ ಇಲ್ಲ, ಒಣಮೆಣಸಿನಕಾಯಿ ಇಲ್ಲ, ಕಾಫಿ-ಚಾಕಲೇಟ್ ಇಲ್ಲ. ಟಸ್ಕನಿಯಲ್ಲಿ ಟೊಮೇಟೊ ಹೆಸರು ಕಾಗದದ ಮೇಲೆ ಬರುವುದೇ 1548ಕ್ಕೆ. (ವಿಜಯನಗರದ ಕ್ಯಾಂಪೇನ್ ಮಾಡುವವರಿಗೂ ಇದೇ ಮಾತು. ಕೃಷ್ಣದೇವರಾಯನ ತಟ್ಟೆಗೆ ಮೆಣಸಿನಕಾಯಿ ಚಟ್ನಿ ಬಡಿಸಬೇಡಿ.) ಬಿಳಿ ರಾಜ್ಮಾ ಜಾತಿಯ ಕಾಳೂ ಅಮೆರಿಕದಿಂದ ಆಮೇಲೆ ಬಂದದ್ದು. ಆಗ ಅವರು ತಿನ್ನುತ್ತಿದ್ದದ್ದು ನಮ್ಮ ಅಲಸಂದೆ ಜಾತಿಯ ಕಾಳು, ಮತ್ತೆ ಬಾಕಳೆ (ಬ್ರಾಡ್ ಬೀನ್ಸ್), ಕಡಲೆ, ಮಸೂರ. ಬೆಟ್ಟದ ಕಡೆ ಗೋಧಿ ಇಲ್ಲದವರಿಗೆ ಚೆಸ್ಟ್‌ನಟ್ ಹಿಟ್ಟಿನ ರೊಟ್ಟಿ, ಗಂಜಿ.

ದಿನಕ್ಕೆ ಎರಡು ಊಟ, ಒಂದು ಹಗಲು, ಒಂದು ಸಂಜೆ. ರೊಟ್ಟಿ, ಕೋಸು-ಈರುಳ್ಳಿ-ಬೆಳ್ಳುಳ್ಳಿ ಹಾಕಿದ ಕಾಳಿನ ಸಾರು, ಚೀಸ್, ಉಪ್ಪು ಹಾಕಿದ ಹಂದಿಮಾಂಸ, ನೀರು ಬೆರೆಸಿದ ದ್ರಾಕ್ಷಾರಸ. ಪಾಸ್ತಾ ಇದೆ, ಮೇಲೆ ಚೀಸ್ ಮತ್ತು ಮಸಾಲೆ, ಉಳ್ಳವರ ಮನೆಯಲ್ಲಿ ಸಕ್ಕರೆ-ದಾಲ್ಚಿನ್ನಿ. ಸಕ್ಕರೆ ಆಗ ಮಸಾಲೆಯ ಪಂಗಡ. ಮನೆಯಲ್ಲಿ ಒಲೆ ಇದ್ದರೂ ರೊಟ್ಟಿ ಸುಡುವ ಗೂಡು ಇರುವುದಿಲ್ಲ. ಹಿಟ್ಟು ಮನೆಯಲ್ಲಿ ನಾದಿ, ಹಲಗೆಯ ಮೇಲೆ ಹೊತ್ತುಕೊಂಡು ಓಣಿಯ ಭಟ್ಟಿಯವನಿಗೆ ಕಾಸು ಕೊಟ್ಟು ಸುಡಿಸುತ್ತಾರೆ. ಬೆಳಗ್ಗೆ ಆ ಭಟ್ಟಿಯ ಮುಂದೆ ಆಳುಹೆಂಗಸರು ಸೇರುವ ಜಾಗದಲ್ಲಿ ಸುದ್ದಿ ಪುಕ್ಕಟೆ ಸಿಗುತ್ತದೆ. ನಿಮ್ಮ ಪ್ಲೇಯರ್‌ಗಳು ಸುದ್ದಿಗಾಗಿ ಪ್ರತಿ ಸಲ ಹೆಂಡದಂಗಡಿಗೇ ಹೋಗುವುದನ್ನು ತಪ್ಪಿಸಿ.

ಅಡುಗೆಗೆ ನಿಮಿಷದ ಲೆಕ್ಕ ಇರಲಿಲ್ಲ. “ಒಂದು ಮಿಸೆರೆರೆ ಹೇಳಿ ಮುಗಿಸುವಷ್ಟು ಹೊತ್ತು ಕುದಿಸು” ಅಂತ ಆ ಕಾಲದ ಪಾಕಪುಸ್ತಕಗಳೇ ಹೇಳುತ್ತವೆ. ಮಿಸೆರೆರೆ ಅಂದರೆ ಉದ್ದನೆಯ ಪ್ರಾರ್ಥನೆ. ಸಣ್ಣ ಅವಧಿಗೆ ಅದಕ್ಕಿಂತ ಚಿಕ್ಕ ಪ್ರಾರ್ಥನೆ: “ಎರಡು ಪಾತೆರ್ ನೋಸ್ತೆರ್”. ಬೀಗ ಒಡೆಯುವಾಗ, ಬತ್ತಿ ಉರಿಯುವಾಗ ಇದೇ ಲೆಕ್ಕ ಬಳಸಿ, ರೂಲ್‌ಬುಕ್‌ನ ಸುತ್ತಿನ ಲೆಕ್ಕಕ್ಕಿಂತ ಚೆನ್ನಾಗಿ ಕೂರುತ್ತದೆ.

ಉಪವಾಸ ಮರೆಯಬೇಡಿ. ಶುಕ್ರವಾರ, ಶನಿವಾರ ಮಾಂಸ ಇಲ್ಲ. 1480ರಲ್ಲಿ ಈಸ್ಟರ್ ಏಪ್ರಿಲ್ 2ಕ್ಕೆ ಬಿತ್ತು, ಹಾಗಾಗಿ ದೊಡ್ಡ ಉಪವಾಸ ಫೆಬ್ರವರಿ 16ರ ಬುಧವಾರದಿಂದ ಶುರು. ಆರೂವರೆ ವಾರ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಒಣಮೀನು, ಕಾಳು, ಉಳ್ಳವರಿಗೆ ಬಾದಾಮಿ ಹಾಲು. ಲೊರೆನ್ಸೋ ನೇಪಲ್ಸ್‌ನಿಂದ ವಾಪಸ್ ಬರುವುದು ಈ ಉಪವಾಸದ ನಡುವೆ. ಸ್ವಾಗತದ ಔತಣದಲ್ಲಿ ಹುರಿದ ಹಂದಿ ಇಟ್ಟರೆ ಕಥೆ ಅಲ್ಲೇ ಕೆಟ್ಟಿತು.

ಇನ್ನು ಅಂಗಡಿ. ಆಟಗಳಲ್ಲಿ “ಎಲ್ಲ ಸಿಗುವ ಅಂಗಡಿ” ಅಂತ ಒಂದಿರುತ್ತದಲ್ಲ, ಫ್ಲಾರೆನ್ಸ್‌ನಲ್ಲಿ ಅದಕ್ಕೆ ಹತ್ತಿರದ್ದು ಸ್ಪೆತ್ಸಿಯಾಲೆಯ ಅಂಗಡಿ. ಔಷಧಿ, ಮಸಾಲೆ, ಸಕ್ಕರೆ, ಮೇಣದ ಬತ್ತಿ, ಪಂಜು, ಕಾಗದ, ಶಾಯಿಗೆ ಬೇಕಾದ ಸಾಮಾನು, ಚಿತ್ರಗಾರರ ಬಣ್ಣ, ವಿಷವಾಗಬಲ್ಲ ಪಾದರಸ-ಹರಿತಾಳ ಎಲ್ಲ ಒಂದೇ ಕಡೆ. ಚಿತ್ರಗಾರರು ವೈದ್ಯರ-ಔಷಧಿಯವರ ಸಂಘಕ್ಕೇ ಸೇರಿದವರು. ನಮ್ಮ ಕರಾವಳಿಯ ಕರಿಮೆಣಸು ಅಲೆಕ್ಸಾಂಡ್ರಿಯಾ, ವೆನಿಸ್ ದಾಟಿ ಕೊನೆಗೆ ಬಂದು ಸೇರುತ್ತಿದ್ದದ್ದೂ ಇಂಥ ಅಂಗಡಿಯ ಡಬ್ಬಿಗೇ, ಇನ್ನೂ ವಾಸ್ಕೋ ಡ ಗಾಮ ಬಂದಿರಲಿಲ್ಲ.

ಗೀಚುಗಾರ

ತಕ್ಕಡಿ ಅವರ ಲೆಕ್ಕ ಸರಿ ಇದೆ, ಆದರೆ ಟೇಬಲ್ ಮೇಲೆ ನಡೆಯುವುದಿಲ್ಲ. ನಾಲ್ಕು ಜನ ಕೂತು 12ರಿಂದ, 20ರಿಂದ, ಮತ್ತೆ 6ರಿಂದ ಭಾಗಿಸುತ್ತಾ ಹೋದರೆ ಸೆಷನ್ ಅಂಗಡಿ ಲೆಕ್ಕದಲ್ಲೇ ಮುಗಿಯುತ್ತದೆ. ಮೂರು ಮಟ್ಟ ಸಾಕು: ಚಿಲ್ಲರೆಯಲ್ಲಿ ಆಗುವ ಖರ್ಚು ಬರೆಯಲೇಬೇಡಿ, ಫ್ಲೋರಿನ್‌ನಲ್ಲಿ ಆಗುವುದನ್ನು ಬರೆಯಿರಿ, ನೂರು ಫ್ಲೋರಿನ್ ದಾಟಿದರೆ ಅದು ನಾಣ್ಯವಲ್ಲ, ಯಾರದೋ ಪುಸ್ತಕದಲ್ಲಿನ ಸಾಲು, ಅದಕ್ಕೊಬ್ಬ ಎನ್‌ಪಿಸಿ ಬೇಕು.

ನನ್ನ ಪ್ರಕಾರ ಲೆಕ್ಕ ಇಡಬೇಕಾದದ್ದು ಜಾಮೀನಿಗೆ. ಈ ಊರಲ್ಲಿ ನಲವತ್ತು ಸಾವಿರದ ಆಸುಪಾಸು ಜನ. 1427ರ ದೊಡ್ಡ ತೆರಿಗೆ ಗಣತಿಯಲ್ಲಿ ಅದಕ್ಕೂ ಸ್ವಲ್ಪ ಕಡಿಮೆ ಇತ್ತು, 1348ರ ಪ್ಲೇಗಿಗೆ ಮುಂಚಿನದಕ್ಕೆ ಹೋಲಿಸಿದರೆ ಅರ್ಧವೂ ಇಲ್ಲ. ನಾಲ್ಕು ವಿಭಾಗ, ಒಂದೊಂದರಲ್ಲಿ ನಾಲ್ಕು ಬಾವುಟದ ಕೇರಿ, ಒಟ್ಟು ಹದಿನಾರು. ಮನೆ ನಂಬರ್ ಇಲ್ಲ. ಯಾರನ್ನಾದರೂ ಹುಡುಕಬೇಕಾದರೆ ಯಾವ ಕೇರಿ, ಯಾವ ಚರ್ಚು, ಯಾರ ಮಗ ಅಂತ ಕೇಳಿಕೊಂಡು ಹೋಗಬೇಕು. ಕೇಳಿದ ಸುದ್ದಿ ನಿಮಗಿಂತ ಮುಂಚೆ ಅಲ್ಲಿಗೆ ತಲುಪಿರುತ್ತದೆ. ಬಾಡಿಗೆ, ಸಾಲ, ಕೆಲಸ, ಜೈಲಿಂದ ಬಿಡುಗಡೆ, ಎಲ್ಲಕ್ಕೂ ಒಬ್ಬ ಜಾಮೀನುದಾರ ಬೇಕು. ಹಾಗಾಗಿ ಪಾತ್ರದ ಹಾಳೆಯಲ್ಲಿ ಶಕ್ತಿ, ಚುರುಕುತನದ ಪಕ್ಕ ಮೂರು ಸಾಲು ಸೇರಿಸಿ: ನಿನಗೆ ಯಾರು ಜಾಮೀನು ನಿಲ್ಲುತ್ತಾರೆ, ನಿನ್ನ ಮಗುವಿಗೆ ಧರ್ಮಪಿತ ಯಾರು, ಯಾವ ಸಂಘದಲ್ಲಿ ನಿನ್ನ ಹೆಸರಿದೆ. ವೃತ್ತಿ ಸಂಘ ಒಟ್ಟು ಇಪ್ಪತ್ತೊಂದು, ಏಳು ದೊಡ್ಡವು, ಹದಿನಾಲ್ಕು ಚಿಕ್ಕವು. ಉಣ್ಣೆ ಹಿಂಜುವ ಕೂಲಿಯವರಿಗೆ ಮಾತ್ರ ಸ್ವಂತ ಸಂಘ ಇಲ್ಲ.

ಆಡಳಿತದ ವಿಷಯದಲ್ಲಿ ಒಂದು ಅದ್ಭುತ ಸೌಲಭ್ಯ ಇದೆ. ಊರಿನ ಆಡಳಿತ ಮಂಡಳಿ ಸಿಞೊರಿಯಾ ಅಂದರೆ ಎಂಟು ಪ್ರಿಯೋರಿ (ಸದಸ್ಯರು), ಒಬ್ಬ ಗೊನ್ಫಲೊನಿಯೇರೆ (ಮುಖ್ಯಸ್ಥ). ಚೀಲದಿಂದ ಚೀಟಿ ಎತ್ತಿ ಆರಿಸುತ್ತಾರೆ, ಅವಧಿ ಎರಡೇ ತಿಂಗಳು, ಆ ಎರಡು ತಿಂಗಳು ಅರಮನೆಯಲ್ಲೇ ವಾಸ. ಚೀಲದೊಳಗೆ ಯಾರ ಹೆಸರು ಇರಬೇಕು ಅನ್ನುವುದನ್ನು ಮೆದಿಚಿ ಕಡೆಯವರು ನೋಡಿಕೊಳ್ಳುತ್ತಾರೆ ಅನ್ನುವುದು ಬೇರೆ ಮಾತು. ನಿಮ್ಮ ಕ್ಯಾಂಪೇನ್‌ನಲ್ಲಿ ನಾಲ್ಕೈದು ಸಲ ಸರಕಾರ ಬದಲಾಗುತ್ತದೆ. ಲಂಚ ಕೊಟ್ಟು ಒಲಿಸಿಕೊಂಡವನು ತಿಂಗಳು ಕಳೆಯುವುದರೊಳಗೆ ಮಾಜಿ.

ಕಾಲ ತಪ್ಪುವ ಸಾಮಾನುಗಳನ್ನೂ ಒಮ್ಮೆಗೆ ಹೇಳಿಬಿಡುತ್ತೇನೆ. ಪೊಂತೆ ವೆಕ್ಕಿಯೋ ಸೇತುವೆ ಮೇಲೆ 1480ರಲ್ಲಿ ಇದ್ದದ್ದು ಕಟುಕರು. ಚಿನ್ನಬೆಳ್ಳಿಯವರು ಬಂದದ್ದು 1593ರಲ್ಲಿ. ಅದರ ಮೇಲಿನ ಮುಚ್ಚಿದ ಓಣಿ 1565ರದ್ದು, ಉಫೀತ್ಸಿ ಕಟ್ಟಡ 1560ಕ್ಕೆ ಶುರುವಾದದ್ದು. ಚೌಕದಲ್ಲಿ ಮೈಕೆಲಾಂಜೆಲೋನ ದಾವೀದನ ಮೂರ್ತಿ 1504ಕ್ಕೆ ಬಂತು. ದೊಡ್ಡ ಚರ್ಚಿಗೆ ಗುಮ್ಮಟ ಇದೆ, ಮೇಲಿನ ಚಿನ್ನದ ಬಣ್ಣದ ಗುಂಡೂ 1471ರಲ್ಲಿ ಏರಿದೆ, ಆದರೆ ಈಗಿನ ಬಣ್ಣಬಣ್ಣದ ಮುಂಗೋಡೆ ಹತ್ತೊಂಬತ್ತನೇ ಶತಮಾನದ್ದು. ಕೊಕ್ಕಿನ ಮುಖವಾಡದ ಪ್ಲೇಗ್ ವೈದ್ಯ ಹದಿನೇಳನೇ ಶತಮಾನದವನು, ಎಷ್ಟೇ ಆಸೆಯಾದರೂ ಬೇಡ. ಉದ್ದನೆ ತೆಳ್ಳನೆ ರೇಪಿಯರ್ ಕತ್ತಿ ಮತ್ತು ಸೊಂಟದ ಪಿಸ್ತೂಲು ಎರಡೂ ಮುಂದಿನ ಶತಮಾನಕ್ಕೆ ಸೇರಿದವು. ನಿಮ್ಮ ಸೈನಿಕನಿಗೆ ಒಂದು ಕೈ ಕತ್ತಿ, ಮುಷ್ಟಿಯಲ್ಲಿ ಹಿಡಿಯುವ ಸಣ್ಣ ಗುರಾಣಿ, ಒಂದು ಬಾಕು ಕೊಡಿ. ಕೈಬಂದೂಕು ಕೊಟ್ಟರೂ ಉರಿಯುವ ಬತ್ತಿಯದ್ದೇ ಕೊಡಬೇಕು: ಮಳೆಗೆ ಆರುತ್ತದೆ, ಕತ್ತಲಲ್ಲಿ ಕೆಂಪಗೆ ಕಾಣುತ್ತದೆ, ವಾಸನೆ ಗಾಳಿಗೆ ಮೊದಲೇ ಹೋಗಿ ತಲುಪುತ್ತದೆ. ಇನ್ನೊಮ್ಮೆ ತುಂಬುವ ಹೊತ್ತಿಗೆ ಎದುರಾಳಿ ಮೆಟ್ಟಿಲು ಇಳಿದು ಬಂದಿರುತ್ತಾನೆ.

ದಾಳದಯ್ಯ

ಜಾಮೀನಿನ ಸಾಲು ಈಗಲೇ ಹಾಳೆಗೆ ಸೇರಿಸಿದೆ. ಇನ್ನೆರಡು ಪ್ರಶ್ನೆ. ಹೆಣ್ಣು ಪಾತ್ರಕ್ಕೆ ಓಡಾಟದ ಸ್ವಾತಂತ್ರ್ಯ ಇರುವ ಯಾವ ಕಸುಬು ಕೊಡಬಹುದು? ಮತ್ತೆ, ಮೊದಲ ಕೆಲಸವೇ ನೇಪಲ್ಸ್‌ಗೆ ಒಂದು ಕಾಗದ ಮುಟ್ಟಿಸುವುದು ಅಂತ ಇಟ್ಟಿದ್ದೇನೆ. ಎಷ್ಟು ದಿನ ಹಿಡಿಯುತ್ತದೆ?

ಟಪಾಲುಚೀಲ

ಕಾಗದದ್ದು ಮೊದಲು. ವ್ಯಾಪಾರಿಗಳ ಓಲೆಕಾರನಿಗೆ ರೋಮ್‌ಗೆ 5–6 ದಿನ, ನೇಪಲ್ಸ್‌ಗೆ 11–12 ದಿನ, ಬ್ರೂಜ್‌ಗೆ 20–25, ಲಂಡನ್‌ಗೆ 25–30. ಇದು ದಾರಿ ಸುಗಮ ಇದ್ದಾಗಿನ ಲೆಕ್ಕ. ಸ್ವಂತ ಕುದುರೆಯಲ್ಲಿ ದಿನಕ್ಕೆ 50 ಕಿಲೋಮೀಟರ್ ಚೆನ್ನಾದ ನಡಿಗೆ, ಹೇರಿದ ಹೇಸರಗತ್ತೆಗೆ 30. ನಿಮ್ಮ ಕಾಲದಲ್ಲಿ ದಕ್ಷಿಣದ ದಾರಿ ಮುಚ್ಚಿದ ಹಾಗೇ: ಎಪ್ಪತ್ತು ಕಿಲೋಮೀಟರ್ ದೂರದ ಸಿಯೆನಾ ಶತ್ರುವಿನ ಪಕ್ಷ, ನಡುವಿನ ಕೊಲ್ಲೆ ನವೆಂಬರ್‌ನಲ್ಲಿ ಕೈತಪ್ಪಿದೆ. ಲೊರೆನ್ಸೋ ಕೂಡ ಸಮುದ್ರದ ದಾರಿಯಲ್ಲೇ ಹೋದದ್ದು. ಹಾಗಾಗಿ ಪೀಸಾ ಕಡೆ ಇಳಿದು ಹಡಗು ಹಿಡಿಯಬೇಕು. ಚಳಿಗಾಲದ ಸಮುದ್ರ, ಗಾಳಿ ಹೇಳಿದ ಹಾಗೆ ಕೇಳಬೇಕು.

ಲಕೋಟೆ ಅನ್ನುವುದು ಇಲ್ಲ. ಹಾಳೆಯನ್ನೇ ಮಡಚಿ, ಚಾಕುವಿನಿಂದ ಸೀಳು ಮಾಡಿ, ದಾರ ಇಲ್ಲವೇ ಅದೇ ಹಾಳೆಯ ಪಟ್ಟಿ ತೂರಿಸಿ, ಮೇಲೆ ಅರಗಿನ ಮುದ್ರೆ. ಮುದ್ರೆಯನ್ನು ಬಿಸಿ ಚಾಕುವಿನಿಂದ ಎಬ್ಬಿಸಬಹುದು, ಆದರೆ ಪಟ್ಟಿ ಹರಿದರೆ ಗುಟ್ಟು ರಟ್ಟು. ಎರಡಕ್ಕೂ ಬೇರೆ ಬೇರೆ ರೋಲ್ (ದಾಳ ಉರುಳಿಸುವುದು) ಕೇಳಿ. ಮುಖ್ಯ ಕಾಗದವಾದರೆ ಎರಡು ಮೂರು ಪ್ರತಿ ಬರೆದು ಬೇರೆ ಬೇರೆ ದಾರಿಯಲ್ಲಿ ಕಳಿಸುತ್ತಾರೆ. ಒಂದನ್ನು ಕದ್ದರೆ ಕೆಲಸ ಮುಗಿಯಲಿಲ್ಲ.

ತಾರೀಖಿನಲ್ಲಿ ಒಂದು ಗುಂಡಿ ಇದೆ. ಫ್ಲಾರೆನ್ಸ್‌ನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ನಾವು 1480ರ ಫೆಬ್ರವರಿ ಅನ್ನುವುದನ್ನು ಅವರು 1479ರ ಫೆಬ್ರವರಿ ಅಂತ ಬರೆಯುತ್ತಾರೆ. ಬೇರೆ ಊರಿನ ಲೆಕ್ಕ ಬೇರೆ, ವೆನಿಸ್‌ನಲ್ಲಿ ಮಾರ್ಚ್ 1. ನಿಮ್ಮ ಗುಮಾಸ್ತ ಒಂದು ಕಾಗದ ನಕಲಿ ಅಂತ ಹಿಡಿಯಬೇಕಾದರೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ.

ಹೆಣ್ಣು ಪಾತ್ರಕ್ಕೆ ನನ್ನ ಮೊದಲ ಆಯ್ಕೆ ವಿಧವೆ. ಮದುವೆಯಾದವಳು ಗಂಡನ ಮನೆ, ಆಗದವಳು ಅಪ್ಪನ ಮನೆ ಬಿಟ್ಟು ಕದಲುವುದು ಕಷ್ಟ, ಉಳ್ಳವರ ಮನೆಯಲ್ಲಂತೂ ಇನ್ನೂ ಕಷ್ಟ. ವಿಧವೆಗೆ ವರದಕ್ಷಿಣೆ ವಾಪಸ್ ಕೇಳುವ ಹಕ್ಕಿದೆ. ಅದೇ ಜಗಳದ ಬೇರೂ ಹೌದು: ಗಂಡನ ಕಡೆಯವರು ದುಡ್ಡು ಬಿಡುವುದಿಲ್ಲ, ತವರಿನ ಅಣ್ಣಂದಿರು ಆ ದುಡ್ಡಿನಲ್ಲಿ ಇನ್ನೊಂದು ಮದುವೆ ಮಾಡಿಸಲು ಕಾಯುತ್ತಿರುತ್ತಾರೆ, ಮಕ್ಕಳು ಗಂಡನ ಮನೆಗೇ ಸೇರಿದವರು. ಒಪ್ಪಂದಕ್ಕೆ ಸಹಿ ಹಾಕಲು ಅವಳ ಪರ ಒಬ್ಬ ಗಂಡಸು ನಿಲ್ಲಬೇಕು, ಅವನಿಗೆ ಮುಂದುವಾಲ್ದೋ ಅನ್ನುತ್ತಾರೆ. ಈ ಕೆಲಸಕ್ಕೆ ಪರಿಚಯದ ಗುಮಾಸ್ತನೂ ಆಗುತ್ತದೆ, ನಿಮ್ಮ ಗುಂಪಿನಲ್ಲಿ ಒಬ್ಬನಿದ್ದಾನಲ್ಲ.

ಕೆಳಗಿನ ವರ್ಗದಲ್ಲಿ ಓಡಾಟ ಹೆಚ್ಚು. ಮನೆಗೆಲಸದವಳು, ಸೂಲಗಿತ್ತಿ, ರೇಷ್ಮೆ ನೂಲು ತೆಗೆಯುವವಳು ಎಲ್ಲ ಬೀದಿಯಲ್ಲಿ ಸಹಜವಾಗಿ ಕಾಣುತ್ತಾರೆ. ಶ್ರೀಮಂತರ ಮನೆಗಳಲ್ಲಿ ಕಪ್ಪುಸಮುದ್ರದ ಕಡೆಯಿಂದ ಕೊಂಡು ತಂದ ಗುಲಾಮ ಹೆಂಗಸರೂ ಇದ್ದರು, ಅದನ್ನು ಬಣ್ಣದ ಹಿನ್ನೆಲೆಯಾಗಿ ಬಳಸುವ ಮುಂಚೆ ನಿಮ್ಮ ಟೇಬಲ್‌ನವರನ್ನು ಕೇಳಿ. ಇನ್ನೊಂದು ವಿಚಿತ್ರವಾದ, ಆದರೆ ದಾಖಲಾದ ಆಯ್ಕೆ: ಸಾನ್ ಯಾಕೊಪೋ ದಿ ರಿಪೋಲಿ ಮಠದ ಮುದ್ರಣಾಲಯ. 1476ರಿಂದ 1484ರವರೆಗೆ ನಡೆಯಿತು, ಸನ್ಯಾಸಿನಿಯರೇ ಅಚ್ಚುಮೊಳೆ ಜೋಡಿಸುತ್ತಿದ್ದರು. ಪೋಪ್ ಊರಿಗೇ ಪೂಜಾ ನಿಷೇಧ ಹೇರಿರುವ ಕಾಲದಲ್ಲಿ ಒಂದು ಮಠದೊಳಗೆ ಪ್ರೆಸ್ ಇದೆ ಅಂದರೆ ಅದಕ್ಕೆ ಕಥೆ ನಾನು ಬರೆದುಕೊಡಬೇಕಾಗಿಲ್ಲ.

ತಕ್ಕಡಿ

ಗೀಚುಗಾರರ ಮೂರು ಮಟ್ಟ ಒಪ್ಪುತ್ತೇನೆ, ಆದರೆ ಬಟ್ಟೆಯನ್ನು ಆ ಲೆಕ್ಕದಿಂದ ಹೊರಗಿಡಬೇಡಿ. ಬಟ್ಟೆ ಅಲ್ಲಿ ಉಳಿತಾಯದ ಖಾತೆ ಇದ್ದಂತೆ. ಒಳ್ಳೆ ಉಣ್ಣೆಯ ಕೆಂಪು ನಿಲುವಂಗಿ ಕೂಲಿಯವನ ಒಂದು ವರ್ಷದ ದುಡಿಮೆಯನ್ನೇ ನುಂಗಬಹುದು. ಕೆಂಪಿನ ಬಣ್ಣಕ್ಕೇ ಅರ್ಧ ಬೆಲೆ. ಕಷ್ಟ ಬಂದರೆ ಮೊದಲು ಒತ್ತೆ ಇಡುವುದು ಆ ನಿಲುವಂಗಿಯನ್ನೇ. ಹಳೆ ಬಟ್ಟೆಯವರಿಗೆ ತಮ್ಮದೇ ಸಂಘ ಇದೆ, ಮಾರುವೇಷ ಬೇಕಾದ ಪ್ಲೇಯರ್ ಅಲ್ಲಿಗೆ ಹೋಗಬೇಕು, ಅಂಗಡಿಯವನು ಯಾರ ಬಟ್ಟೆ ಯಾರಿಗೆ ಕೊಟ್ಟೆ ಅಂತ ಪುಸ್ತಕದಲ್ಲಿ ಬರೆದಿರುತ್ತಾನೆ. ಅಂಗಿಯ ತೋಳುಗಳು ಬೇರೆಯೇ, ದಾರದಿಂದ ಕಟ್ಟುವುದು. ಗಂಡಸರ ಸೊಂಟದವರೆಗಿನ ಉದ್ದ ಕಾಲುಚೀಲವನ್ನೂ ಮೇಲಂಗಿಗೆ ದಾರಗಳಿಂದ ಬಿಗಿಯುತ್ತಾರೆ. ನಡುರಾತ್ರಿ ಎಬ್ಬಿಸಿದವನು ಅಷ್ಟೂ ಗಂಟು ಹಾಕಿಕೊಂಡು ಓಡಲಾರ.

ಓಣಿಕಾವಲು

ಕಳ್ಳನ ಬಗ್ಗೆ ಯಾರೂ ಹೇಳಲಿಲ್ಲ. ಉಳ್ಳವರ ಮನೆ ಕೆಳಗಿನ ಅಂತಸ್ತಿನಲ್ಲಿ ಕಲ್ಲುಗೋಡೆ, ಕಬ್ಬಿಣದ ಸರಳು, ಬಾಗಿಲ ಹಿಂದೆ ಅಡ್ಡಪಟ್ಟಿ. ಅಲ್ಲಿ ಕೈ ಹಾಕುವುದು ದಡ್ಡತನ. ಮೇಲಿನ ಕಿಟಕಿಗಳಿಗೆ ಗಾಜು ಅಪರೂಪ, ಬಹುಪಾಲು ಎಣ್ಣೆ ಹಚ್ಚಿದ ನಾರುಬಟ್ಟೆಯನ್ನು ಚೌಕಟ್ಟಿಗೆ ಬಿಗಿದಿರುತ್ತಾರೆ, ಹಿಂದೆ ಮರದ ಬಾಗಿಲು. ಬಟ್ಟೆಯನ್ನು ಸದ್ದಿಲ್ಲದೆ ಕೊಯ್ಯಬಹುದು, ಮೇಲಾಗಿ ಒಳಗಿನ ದೀಪ ಅದರ ಮೇಲೆ ಬಿದ್ದರೆ ನಿಮ್ಮವನ ನೆರಳು ಕೋಣೆಯೊಳಗಲ್ಲ, ಒಳಗಿರುವವನ ನೆರಳು ಹೊರಗೆ ಕಾಣುತ್ತದೆ. ಹೊರಗೆ ಹೊಂಚು ಹಾಕಿ ಕೂತವನಿಗೆ ಅನುಕೂಲ.

ಒಳದಾರಿ ಬಾವಿ. ದೊಡ್ಡ ಮನೆಗಳಲ್ಲಿ ಬಾವಿ ಕಟ್ಟಡದ ಒಳಗೇ ಇರುತ್ತದೆ. ನೆಲಮಾಳಿಗೆಯಿಂದ ಮೇಲಿನ ಅಂತಸ್ತಿನವರೆಗೆ ಕೊಳವೆಯಂಥ ಒಂದು ಗೂಡು, ಪ್ರತಿ ಅಂತಸ್ತಿನಲ್ಲೂ ಕೊಡ ಎಳೆದುಕೊಳ್ಳಲು ಒಂದು ಸಣ್ಣ ಬಾಗಿಲು. ಈಗ ದವಾನ್ಸಾತಿ ಅರಮನೆ ಅಂತ ಮ್ಯೂಸಿಯಂ ಆಗಿರುವ ಹದಿನಾಲ್ಕನೇ ಶತಮಾನದ ಮನೆಯಲ್ಲಿ ಇದನ್ನು ಹಾಗೇ ನೋಡಬಹುದು; ಚಿತ್ರ ತೆಗೆದು ಅದನ್ನೇ ಮ್ಯಾಪ್ ಮಾಡಿಕೊಳ್ಳಿ. ಹಗ್ಗ ಕೊಡಕ್ಕೆ ಸಾಕಾಗುವಷ್ಟು ದಪ್ಪ, ಮನುಷ್ಯನಿಗೆ ಅನುಮಾನ. ಸ್ವಂತ ಹಗ್ಗ ತಂದವನಿಗೆ ಸುಲಭದ ರೋಲ್, ಮನೆಯ ಹಗ್ಗ ಹಿಡಿದವನಿಗೆ ಎರಡು ರೋಲ್: ಒಂದು ಹಗ್ಗಕ್ಕೆ, ಒಂದು ರಾಟೆಯ ಸದ್ದಿಗೆ. ಅಡುಗೆಮನೆ ಸಾಮಾನ್ಯವಾಗಿ ತುತ್ತತುದಿಯ ಅಂತಸ್ತಿನಲ್ಲಿ, ಹೊಗೆ ಮತ್ತು ಬೆಂಕಿಯ ಭಯಕ್ಕೆ. ಅಂದರೆ ಆ ಮೇಲಿನ ಬಾಗಿಲ ಪಕ್ಕ ಕೆಲಸದ ಹುಡುಗಿ ಮಲಗಿರುವ ಸಾಧ್ಯತೆ ಹೆಚ್ಚು, ಕಳ್ಳ ಒಂದು ಅಂತಸ್ತು ಮುಂಚೆಯೇ ಇಳಿಯಲಿ.